ಚಪ್ಪಲಿ ಬಿಟ್ಟ ಅತ್ತೆ

ನ್ಯೂಜಿಲೆಂಡಿನ ಗುಹೆಯಲ್ಲಿ ಮಿನುಗುವ ಹುಳುಗಳಿಗೆ ಬೆಳಿಗ್ಗೆ ಕೈಮುಗಿದಿದ್ದ ತಾವರಗೇರಾದ ಅತ್ತೆ, ಮಧ್ಯಾಹ್ನ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಹಳ್ಳಿಯಲ್ಲಿ ನೆಲದಿಂದ ಹಬೆಯಾಡುವ ಕೊಳ ಕಂಡು ಚಪ್ಪಲಿ ಬಿಟ್ಟಳು. ತೀರ್ಥವೆಂದು ಬೇಲಿಯ ಕೆಳಗೆ ನುಸುಳಿ ಬೊಗಸೆ ಚಾಚಿದಳು. ನಾನು ಬೇಲಿಯತ್ತ ಓಡಿದೆ. ಹಳ್ಳಿ ತೋರಿಸುತ್ತಿದ್ದ ಮಾವೊರಿ ಹೆಂಗಸು ಓಡಿಬಂದು ಅವಳ ಸೆರಗು ಹಿಡಿದು ಎಳೆದಳು.

"ಏ ಬಿಡವ್ವಾ, ಸೀರಿ ಹರೀತೈತಿ!" ಎಂದು ಅತ್ತೆ ಗದರಿದಳು.

ಆ ಹೆಂಗಸು ಏದುಸಿರು ಬಿಡುತ್ತಲೇ ಅದೇ ಕೊಳದಿಂದ ಹಗ್ಗ ಕಟ್ಟಿದ ಚೀಲವೊಂದನ್ನು ಮೇಲೆತ್ತಿದಳು. ಸ್ವಲ್ಪ ಮೊದಲು ನಮ್ಮ ಕಣ್ಣೆದುರೇ ಅವಳು ಇಳಿಬಿಟ್ಟಿದ್ದ ಹಸಿ ಮೆಕ್ಕೆಜೋಳದ ತೆನೆಗಳು ಅಷ್ಟರಲ್ಲೇ ಬೆಂದುಹೋಗಿದ್ದವು.

ಈಗ ಬಸ್ಸಿನಲ್ಲಿದ್ದೇವೆ. ಕಣ್ಣು ಮುಚ್ಚಿದರೆ ಆ ಬೊಗಸೆಯೇ ಕಾಣುತ್ತದೆ. ನನ್ನ ಪಾಲಿನ ತೆನೆ ಮಡಿಲಲ್ಲೇ ಇದೆ.

"ಯಾಕ, ತಿನ್ನೂದಿಲ್ಲೇನು?" ಎನ್ನುತ್ತಾಳೆ ಅತ್ತೆ, ಅಗಿಯುತ್ತಾ. "ಭಾಳ ಛಲೋ ಬೆಂದೈತಿ ನೋಡು."