ಅಂಗೈಯಲ್ಲಿ ಬರೆದು ತೋರಿಸಿದವರು

ನನ್ನ ಮೊಮ್ಮಗಳು ಟೀಚರ್ ಆದಳು. ಅದೂ ಇಂಗ್ಲಿಷಿಗೆ! ಕೊಣನೂರಿನ ಹೈಸ್ಕೂಲೊಂದರಲ್ಲಿ ಇವತ್ತು ಬೆಳಿಗ್ಗೆ ಮಕ್ಕಳ ಮುಂದೆ ಪಾಠ ಮಾಡಿಸಿ ನೋಡಿದರಂತೆ, ಮಧ್ಯಾಹ್ನಕ್ಕೇ ಸೋಮವಾರದಿಂದ ಬಾಮ್ಮ ಅಂದರಂತೆ. ಅವಳ ಫೋನು ಬಂದಾಗ ನಾನು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತು ಸೇವಂತಿಗೆ ಕಟ್ಟುತ್ತಿದ್ದೆ. ದಾರ ಕೈಜಾರಿತು. ಪಕ್ಕದ ಸೌತೆಕಾಯಿಯವಳಿಗೆ ಹೇಳಿದೆ, ಕಂಡಕ್ಟರಿಗೆ ಹೇಳಿದೆ, ಗುರುತಿಲ್ಲದವರಿಗೂ ಹೇಳಿದೆ. ಬುಟ್ಟಿಯನ್ನು ಅಲ್ಲೇ ಬಿಟ್ಟು, ಅವಳಿಗೆ ಇಂಗ್ಲಿಷ್ ಕಲಿಸಿದ ಮಿಸ್ ಮನೆಗೆ ಓಡಿದೆ.

ಮಿಸ್ ಎಂದರೆ ನನಗೆ ಮೊದಲು ನೆನಪಾಗುವುದು ಅವರ ಎಡಗೈ. ಅಂಗೈ ತುಂಬ ಸದಾ ನೀಲಿ ಇಂಕು. ಮಕ್ಕಳು ತಪ್ಪು ಹೇಳಿದರೆ ಅವರು ಬಾಯಿಬಿಟ್ಟು ತಿದ್ದುತ್ತಿರಲಿಲ್ಲ. ಸರಿಯಾದ ಪದವನ್ನು ಅಂಗೈ ಮೇಲೆ ಬರೆದು, ತಪ್ಪು ಮಾಡಿದ ಮಗುವಿಗೆ ಮಾತ್ರ ಕಾಣುವ ಹಾಗೆ ಹಿಡಿದು, ತಕ್ಷಣ ಮುಷ್ಟಿ ಮುಚ್ಚಿಬಿಡುತ್ತಿದ್ದರು. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುತ್ತಿರಲಿಲ್ಲ.

ಹಳ್ಳಿಯ ಸ್ಕೂಲಿಗೆ ಹೋಗಲು ದಿನಾ ಬಸ್ಸಿಗೆ ಕಾಯುವಾಗ ನನ್ನ ಹತ್ತಿರವೇ ಹೂ ಕೊಳ್ಳುತ್ತಿದ್ದರು. ಚೌಕಾಸಿ ಮಾಡಿದವರಲ್ಲ. ಮೊಳ ಸ್ವಲ್ಪ ಗಿಡ್ಡವಾದರೆ ಮಾತ್ರ, "ಏನಜ್ಜಿ, ಚಳಿಗೆ ಕೈ ಮುದುಡಿಕೊಂಡಿದೆಯಾ?" ಎಂದು ನಗುತ್ತಿದ್ದರು. ಇನ್ನೊಂದು ಗೇಣು ಸೇರಿಸದೆ ನನಗೆ ಗತಿಯಿರುತ್ತಿರಲಿಲ್ಲ.

ಮೊಮ್ಮಗಳು ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಫೇಲಾದಳು. ಹಿಂದೊಮ್ಮೆ ಕ್ಲಾಸಿನಲ್ಲಿ ಎದ್ದುನಿಂತು ಓದಿದಾಗ ಎಲ್ಲರೂ ನಕ್ಕಿದ್ದರಂತೆ. ಅವತ್ತಿನಿಂದ ಮನೆಯಲ್ಲೂ ಅವಳಿಗೆ ಮಾತು ಕಡಿಮೆಯಾಗಿತ್ತು. ನನ್ನ ಮಗ ಲಗೇಜ್ ಆಟೋ ಓಡಿಸುತ್ತಾನೆ. ಅವನು ಸೋತುಹೋಗಿದ್ದ. "ಸಾಕು ಕಣವ್ವ, ಬಾಯೇ ಬುಡದೋಳ್ಗೆ ಇಂಗ್ಲೀಸು ಎಲ್ಲಿಂದ ಬತ್ತದೆ? ಟೈಲರಿಂಗ್ ಕಲೀಲಿ" ಅಂದ. ಈ ಸಂಗತಿ ಹೂ ಕೊಳ್ಳುವಾಗ ಮಿಸ್ ಕಿವಿಗೆ ಬಿತ್ತು. ಇನ್ನೊಂದು ಸಲ ಪರೀಕ್ಷೆ ಬರೆಯಲಿ, ಅಲ್ಲಿಯವರೆಗೆ ಸಂಜೆ ನನಗೆ ಬಿಡಿ, ಆಗಲೂ ಆಗದಿದ್ದರೆ ನಿಮ್ಮಿಷ್ಟ ಎಂದರು. ಮಗ ಒಪ್ಪಿದ. ಆದರೆ ಅದೊಂದೇ ಸಲ ಎಂದು ಖಡಾಖಂಡಿತವಾಗಿ ಹೇಳಿದ.

ಪಾಠ ನಡೆದದ್ದು ನನ್ನ ಹೂವಿನ ಬುಟ್ಟಿಯ ಪಕ್ಕದಲ್ಲೇ. ಪುಸ್ತಕವಿಲ್ಲ, ಬೋರ್ಡಿಲ್ಲ. ಕಣ್ಣಿಗೆ ಕಂಡದ್ದನ್ನು ಹೇಳು ಎನ್ನುವರು, ಅಷ್ಟೆ. ಒಂದು ಸಂಜೆ ಅರಕಲಗೂಡಿನ ಬಸ್ಸು ಹೊರಟಿತು. ಅದರ ಹಿಂದೆಯೇ ಒಬ್ಬ, ಚೀಲದಿಂದ ಕತ್ತು ಹೊರಗೆ ಹಾಕಿದ ಹುಂಜದ ಸಮೇತ ಓಡಿಬಂದು, ಸಿಗದೆ, ನಮ್ಮ ಮುಂದೆಯೇ ಕುಕ್ಕರಿಸಿದ. ಏನಾಯಿತು ಹೇಳು ಎಂದರು ಮಿಸ್. ಕೂಸು ಪಿಸುಗುಟ್ಟಿತು. ಬಸ್ ಹ್ಯಾಡ್ ಲೆಫ್ಟ್, ಮ್ಯಾನ್ ಹ್ಯಾಡ್ ಕಮ್, ಮ್ಯಾನ್ ಹ್ಯಾಡ್ ಸ್ಯಾಟ್.

"ಎಲ್ಲಕ್ಕೂ ಹ್ಯಾಡ್ ಯಾಕೆ ಮಗ?"

"ಮರ್ಯಾದೆ ಇರ್ಲಿ ಅಂತ ಮಿಸ್."

ನಾವು ದೊಡ್ಡವರ ಮುಂದೆ ಮಾತಿಗೊಂದು 'ಸಾ' ಸೇರಿಸುವುದಿಲ್ಲವೇ, ಹಾಗೆಯೇ ಅಂದುಕೊಂಡಿತ್ತು ಪಾಪ. ಮಿಸ್ ನಗಲಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತ ಹೋದರೆ ಹ್ಯಾಡ್ ಬೇಡ ಎಂದರು. ಬಸ್ಸು ಹೋಯ್ತು, ಇವರು ಬಂದರು, ಕೂತರು. ಮುಗಿಯಿತು. "ಈಗ ಇವರಿಂದ ಶುರು ಮಾಡು. ಇವರು ಬಂದರು. ಬರೋ ಹೊತ್ತಿಗೆ ಬಸ್ಸು?"

"ಓಗಿತ್ತು" ಅಂದೆ ನಾನು. ನನಗೇ ತಡೆಯಲಾಗಲಿಲ್ಲ.

"ನೋಡು, ಇವರು ಬರೋಕೆ ಮುಂಚೆ ಏನಾಗಿತ್ತು ಅಂತ ಅಜ್ಜಿ ಹಿಂದಕ್ಕೆ ತಿರುಗಿ ನೋಡಿದ್ರು. ಹಾಗೆ ತಿರುಗಿದ ಕಡೆ ಮಾತ್ರ ಹ್ಯಾಡ್ ಹಾಕು."

ಹೋಯ್ತು, ಹೋಗಿತ್ತು ಎಂದು ಹುಟ್ಟಿದಾಗಿನಿಂದ ಆಡಿದ್ದೇನೆ. ಅವೆರಡರ ನಡುವೆ ಇಷ್ಟು ದೊಡ್ಡ ಬಾಗಿಲಿದೆ ಎಂದು ಯಾರೂ ತೆರೆದು ತೋರಿಸಿರಲಿಲ್ಲ. ಎಲ್ಲೋ ಸಮುದ್ರದಾಚೆಯ ಜನಕ್ಕೂ ಬಸ್ಸು ತಪ್ಪುತ್ತದೆ, ಅದನ್ನು ಹೇಳಲು ಅವರೂ ಒಂದು ಮಾತು ಕಾದಿಟ್ಟಿದ್ದಾರೆ!

ಹುಂಜದವನು ನಮ್ಮನ್ನೇ ನೋಡುತ್ತಿದ್ದ. "ಅಲ್ಲ ಕಣವ್ವಾ, ಓಗೋ ಬಸ್ಸ ಒಂದ್ ಕೂಗಾಕಿ ನಿಲ್ಸೋದ್ ಬಿಟ್ಟು ಪಾಠ ಮಾಡ್ತಾ ಕುಂತಿದ್ದೀರಲ್ಲ" ಅಂದ. ಮೊಮ್ಮಗಳು ನಕ್ಕುಬಿಟ್ಟಳು. ನಕ್ಕ ಬಾಯಲ್ಲೇ, ಅವನ ಕಡೆ ಕೈ ತೋರಿಸಿ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದಳು. ವೆನ್ ಹಿ ಕೇಮ್, ದಿ ಬಸ್ ಹ್ಯಾಡ್ ಲೆಫ್ಟ್. ಮಿಸ್ ಪೆನ್ನು ತೆಗೆಯಲೇ ಇಲ್ಲ.

ಅವಳು ಪಾಸಾದಳು. ಹಾಸನದಲ್ಲಿ ಡಿಗ್ರಿ ಮಾಡಿದಳು, ಬಿ.ಎಡ್ ಮಾಡಿದಳು. ಮಿಸ್ ಒಂದು ದಿನವೂ ಫೀಸಿನ ಮಾತೆತ್ತಲಿಲ್ಲ. ಇವತ್ತು ಅವರ ಕಾಲು ಹಿಡಿಯಹೋದರೆ, "ಬಿಡಿ ಅಜ್ಜಿ, ನಿಮಗೆ ಮಂಡಿ ನೋವಿದೆ" ಎಂದು ಗದರಿದರು. ಅವರ ಕಣ್ಣೂ ತುಂಬಿತ್ತು. ಮಾರುಗಟ್ಟಲೆ ಹೂ ಕೊಟ್ಟರೂ ಈ ಋಣ ತೀರುವುದಿಲ್ಲ.

ಸಂಜೆ ಮಗ ಆಟೋ ತೊಳೆದು, ಸೀಟಿಗೆ ಒಗೆದ ಟವೆಲು ಹಾಸಿ, ತಾನೇ ಹೋಗಿ ಅವರನ್ನು ಊಟಕ್ಕೆ ಕರೆತಂದ. ಮುದ್ದೆ, ಅವರೆಕಾಳಿನ ಸಾರು, ಶ್ಯಾವಿಗೆ ಪಾಯಸ. ಮಿಸ್ ಕುರ್ಚಿಯಲ್ಲಿ, ನಾವೆಲ್ಲ ಚಾಪೆಯ ಮೇಲೆ. ಮೊಮ್ಮಗಳು ಬಸ್ಸು ಹತ್ತಿದ್ದರಿಂದ ಹಿಡಿದು ಹೇಳತೊಡಗಿದಳು. ಹೆಡ್ ಮೇಷ್ಟ್ರು ಹೇಗೆ ನೋಡಿದರು, ಯಾವ ಹುಡುಗ ತೂಕಡಿಸಿದ, ತಾನು ಏನಂದೆ. ಸೊಸೆ ಸಾರು ಬಡಿಸಲು ಬಂದವಳು ಸೌಟು ಹಿಡಿದು ನಿಂತೇಬಿಟ್ಟಳು. ಹುಡುಗಿ ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಂತಳು. ನನ್ನ ಮಗ ತುತ್ತು ಮುರಿದ ಕೈಯನ್ನು ಹಾಗೇ ತಟ್ಟೆಯಲ್ಲಿಟ್ಟುಕೊಂಡು ಅವಳ ಮುಖವನ್ನೇ ನೋಡುತ್ತಿದ್ದ.

"ಯಾಕ್ ನಿಲ್ಲಿಸ್ದೆ? ಹೇಳು ಮಗ. ಆಮ್ಯಾಕೇನಾಯ್ತು?"