ಅವ್ವನ ಮಗ್ಗಲು

ಸಾಲೋಟಗಿಯ ಆ ಓಣಿಯಲ್ಲಿ ಯಾರ ಮನೆಯ ಕೂಸು ಹಟ ಹಿಡಿದು ಅತ್ತರೂ, ಯಾರ ಎಮ್ಮೆ ಹಾಲು ಬಿಡದೆ ಒದ್ದರೂ ಮೊದಲು ಕರೆ ಹೋಗುವುದು ಯಶೋಧಾಳಿಗೆ. ದೃಷ್ಟಿ ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮುಷ್ಟಿ ತುಂಬ ಹರಳುಪ್ಪು ಹಿಡಿದು, ಕೂತವರ ಮುಖಕ್ಕೆ ಮೂರು ಸಲ ನಿವಾಳಿಸುತ್ತ, "ಹಾದ್ಯಾಗ ಹೋದವರ ಕಣ್ಣು, ಬಾಗಲಾಗ ನಿಂತವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು" ಎಂದು ಶುರು ಮಾಡಿದಳೆಂದರೆ ಊರಿನ ಒಂದು ಕಣ್ಣನ್ನೂ ಬಿಡುವವಳಲ್ಲ. ಪೋಸ್ಟಿನವನ ಕಣ್ಣು, ಡೇರಿಯವನ ಕಣ್ಣು, ಎದುರುಮನೆಯ ಲಾಲಬಿಯ ಕಣ್ಣು, ಎಲ್ಲ ಬರುತ್ತವೆ. ಲಾಲಬಿ ತನ್ನ ಹೊಸ್ತಿಲಲ್ಲೇ ಕೂತು ಕೇಳಿಸಿಕೊಂಡು ನಗುತ್ತಾಳೆ. "ನನ್ನ ಕಣ್ಣಿಗೆ ಪೊರಿ ಬಂದು ಎರಡು ವರ್ಷಾತು ಯಶೋಧಕ್ಕಾ, ಅದನ್ಯಾಕ ಎಳಿತೀ" ಅನ್ನುತ್ತಾಳೆ. ಆದರೂ ಯಶೋಧಾ ಬಿಡುವುದಿಲ್ಲ. ಅವ್ವ ಶೆಟ್ಟೆವ್ವ ಕಲಿಸಿಕೊಟ್ಟ ಪದ್ಧತಿ ಅದು. ಯಾರ ಕಣ್ಣು ಬಿದ್ದಿದೆಯೋ ಅವರ ಹೆಸರು ಬಾಯಿಂದ ಬರಲೇಬೇಕು, ಆ ಒಬ್ಬರನ್ನು ಬಿಟ್ಟರೆ ಹಿಡಿದ ಉಪ್ಪೆಲ್ಲ ದಂಡ.

ಯಶೋಧಾಳಿಗೆ ಈಗ ಐವತ್ತಾರು. ಊರ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಗಂಡ ಧರ್ಮರಾಜ ಸಂಭಾವಿತ, ಹೆಚ್ಚು ಮಾತಿಲ್ಲ. ಅವಳ ಬಾಯಿ ಮಾತ್ರ ಜೋರು, ಹೊಟ್ಟೆಯೊಳಗಿನ ಕಿಚ್ಚೂ ಜೋರು. ಮುಚ್ಚಿಟ್ಟು ಹೇಳುವುದೇನಿದೆ, ಆ ಕಿಚ್ಚು ಇದ್ದದ್ದು ಒಬ್ಬಳ ಮೇಲೆ, ಅದೂ ಒಡಹುಟ್ಟಿದ ತಂಗಿಯ ಮೇಲೆ. ಕೋಮಲ ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಅಕ್ಕನಿಗಿಂತ ಎಂಟು ವರ್ಷ ಚಿಕ್ಕವಳು. ತವರೂರು ಅಗರಖೇಡದಲ್ಲಿ ಅಪ್ಪ ಗುರಪ್ಪ ತೀರಿಕೊಂಡಾಗ ಅವ್ವ ಕಂಡವರ ತೋಟದಲ್ಲಿ ಲಿಂಬೆಕಾಯಿ ಹರಿಯಲು ಹೋದಳು. ಐದನೇ ಇಯತ್ತೆ ಓದುತ್ತಿದ್ದ ಯಶೋಧಾ ಪಾಟಿ ಕೆಳಗಿಟ್ಟು ತಂಗಿಯನ್ನು ಸೊಂಟಕ್ಕೇರಿಸಿಕೊಂಡಳು. ಆ ಕೂಸು ಹತ್ತು ವರ್ಷದ್ದಾದಾಗ ಸಿಂದಗಿಯ ಹಾಸ್ಟೆಲ್ಲಿಗೆ ಹೋಯಿತು, ಓದಿತು, ಕೈಗೆ ವಾಚು ಕಟ್ಟಿತು. ಎತ್ತಿಕೊಂಡವಳು ಸೌಟು ಹಿಡಿದಳು, ಎತ್ತಿಸಿಕೊಂಡವಳು ಸೀಮೆಸುಣ್ಣ ಹಿಡಿದಳು. ಯಶೋಧಾ ಹೇಳುವ ಕಥೆ ಇಷ್ಟೇ, ಹೇಳಿದಾಗಲೆಲ್ಲ ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾಳೆ.

ತಂಗಿಯ ಬಳಿ ಇಲ್ಲದ್ದು ಅವಳ ಬಳಿ ಒಂದೇ ಒಂದಿತ್ತು. ಆರು ವರ್ಷದಿಂದ ಅವ್ವ ಅವಳ ಮನೆಯಲ್ಲಿದ್ದಳು. ಬೆಳಿಗ್ಗೆ ತಲೆ ಬಾಚುವುದು, ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿಸುವುದು, ರಾತ್ರಿ ಮಗ್ಗಲಲ್ಲಿ ಮಲಗಿ ಕಾಲು ಒತ್ತುವುದು ಎಲ್ಲ ಅವಳದೇ. ಕೋಮಲಾಗೆ ಏನೇ ಇರಲಿ, ಅವ್ವ ನನ್ನವಳು ಅನ್ನುವ ಒಂದು ಸಮಾಧಾನದ ಮೇಲೆ ಯಶೋಧಾಳ ದಿನಗಳು ಉರುಳುತ್ತಿದ್ದವು.

ಅದಕ್ಕೂ ಈ ಏಪ್ರಿಲ್ ರಜೆಯಲ್ಲಿ ಕಲ್ಲು ಬಿತ್ತು. ಟಿವಿಯಲ್ಲಿ ಹಿಮ ಕಂಡಾಗಲೆಲ್ಲ ಅವ್ವ, "ಸಾಯೂದ್ರಾಗ ಒಮ್ಮಿ ಅದನ್ನ ಕೈಲೆ ಮುಟ್ಟಬೇಕು ನೋಡು" ಅನ್ನುತ್ತಿದ್ದಳು. ಯಶೋಧಾಳಿಗೆ ನೂರು ಸಲ ಹೇಳಿದ್ದಳು. ಯಶೋಧಾ ಸೋಡಾದಂಗಡಿಯಿಂದ ಬಟ್ಟಲಲ್ಲಿ ಬರ್ಫ್ ತಂದು ಕೈಗಿಟ್ಟರೆ, "ಇದಲ್ಲ ಬಿಡು" ಎಂದು ಬಟ್ಟಲು ಸರಿಸಿದ್ದಳು. ಅದೇ ಮಾತನ್ನು ಕೋಮಲಾಗೆ ಫೋನಿನಲ್ಲಿ ಒಂದೇ ಸಲ ಹೇಳಿದಳು. ಎಂಟು ದಿನದಲ್ಲಿ ಕಾಶ್ಮೀರಕ್ಕೆ ಮೂರು ಟಿಕೆಟ್ ಆದವು, ಅವ್ವ, ಅಕ್ಕ, ತಂಗಿ. ಪುಣೆಯಿಂದ ಬೆಳಗಿನ ಆರರೊಳಗೆ ವಿಮಾನ. ತಮ್ಮ ಇಂಡಿ ಸೀಮೆಯಿಂದ ಆ ಹೊತ್ತಿಗೆ ಹೋಗಿ ಮುಟ್ಟುವುದು ಆಗದ ಮಾತು. ಹಿಂದಿನ ದಿನವೇ ಹೋಗಿ ವಿಮಾನ ನಿಲ್ದಾಣದ ಪಕ್ಕದ ಹೋಟೆಲ್ಲಿನಲ್ಲಿ ರಾತ್ರಿ ಉಳಿಯುವುದೆಂದಾಯಿತು.

ಕೋಮಲ ಬಾಡಿಗೆ ಕಾರಿನಲ್ಲಿ ಬಸವನ ಬಾಗೇವಾಡಿ ದಾಟಿ ಹೆದ್ದಾರಿಯ ಮೇಲಿನ ಝಳಕಿಗೆ ಬಂದಳು. ಅಕ್ಕ, ಅವ್ವ ಅಲ್ಲಿ ಕಾಯುತ್ತಿದ್ದರು. ಕೋಮಲ ಕಳಿಸಿದ್ದ ಉಣ್ಣೆಯ ಸ್ವೆಟರನ್ನು ಅವ್ವ ಏಪ್ರಿಲ್ ಬಿಸಿಲಲ್ಲೇ ತೊಟ್ಟು ನಿಂತಿದ್ದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಅಂದರೆ ಇದೇ. ಯಶೋಧಾ ಬೇಡವೆಂದು ಎರಡು ಸಲ ಬಿಚ್ಚಿಸಿದ್ದಳು, ಅವ್ವ ಎರಡು ಸಲವೂ ತಿರುಗಿ ಹಾಕಿಕೊಂಡಿದ್ದಳು.

ಸೊಲ್ಲಾಪುರದ ಆಚೆ ಚಹಾಕ್ಕೆ ನಿಂತಾಗ ಡ್ರೈವರ್ ಕಾಸಿಂಸಾಬ, "ಎಲ್ಲಿಗ್ರಿ ಅಜ್ಜಿ ಸವಾರಿ?" ಎಂದು ಮಾತು ತೆಗೆದ.

"ನನ್ನ ಸಣ್ಣ ಮಗಳು ವಿಮಾನದಾಗ ಕರಕೊಂಡು ಹೊಂಟಾಳಪಾ" ಅಂದಳು ಅವ್ವ.

"ಮತ್ತ ಈ ಅಕ್ಕಾರು?"

"ಆಕಿ ಯಶೋಧಾ. ಆಕಿ ಮನ್ಯಾಗ ಇರ್ತಾಳ."

ಯಶೋಧಾ ಉಳಿದ ಚಹಾ ನೆಲಕ್ಕೆ ಚೆಲ್ಲಿದಳು. ಮನೆಯಲ್ಲಿ ಇರುತ್ತಾಳಂತೆ. ರುಬ್ಬುಗುಂಡೂ ಮನೆಯಲ್ಲೇ ಇರುತ್ತದೆ. ಯಶೋಧಾ ಉಳಿದ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಹೋಟೆಲ್ಲು ಏಳು ಮಹಡಿಯದು. ಕೌಂಟರಿನ ಹುಡುಗಿಯ ಜೊತೆ ಕೋಮಲ ಇಂಗ್ಲಿಷಿನಲ್ಲಿ ಪಟಪಟ ಮಾತಾಡಿದಳು. ಅವ್ವ ಪಕ್ಕದಲ್ಲಿ ನಿಂತು, ಒಂದಕ್ಷರ ತಿಳಿಯದಿದ್ದರೂ ಪ್ರತಿ ಮಾತಿಗೂ ತಲೆಯಾಡಿಸಿದಳು. ಕೋಣೆಯಲ್ಲಿ ಬಿಳಿ ಹಾಸಿನ ಒಂದು ದೊಡ್ಡ ಮಂಚ, ಮೂಲೆಯಲ್ಲಿ ಮಡಚುವ ಒಂದು ಸಣ್ಣ ಮಂಚ. ಕಿಟಕಿಯ ಪರದೆ ಸರಿಸಿದರೆ ವಿಮಾನಗಳು ದೀಪ ಹಚ್ಚಿಕೊಂಡು ಇಳಿಯುವುದು ಕಾಣುತ್ತಿತ್ತು. ಬಿಸಿನೀರಿನ ನಲ್ಲಿ ಯಾವುದು, ತಣ್ಣೀರಿನದು ಯಾವುದು ಎಂದು ಕೋಮಲ ತೋರಿಸಿದಳು. ಯಶೋಧಾ ತನಗೆ ಗೊತ್ತಿದೆ ಎಂದು ತಿರುಗಿಸಿ ಕೈ ಸುಟ್ಟುಕೊಂಡಳು, ಸುಟ್ಟದ್ದನ್ನು ಯಾರಿಗೂ ಹೇಳಲಿಲ್ಲ.

ಸ್ನಾನವಾದ ಮೇಲೆ ಅವ್ವ ಬಾಚಣಿಗೆಯನ್ನು ಕೋಮಲಾಳ ಕೈಗೆ ಕೊಟ್ಟಳು. ಆರು ವರ್ಷ ದಿನವೂ ಆ ತಲೆ ಬಾಚಿದವಳು ಟವೆಲ್ ಹಿಡಿದು ನೋಡುತ್ತ ನಿಂತಳು. "ಅಕ್ಕಾ, ಬೈತಲಿ ನಡುವ ತೆಗಿತೀಯೋ ಬಾಜೂಕೋ?" ಎಂದು ಕೋಮಲ ಕೇಳಿದಳು. "ನಿನಗ ಹೆಂಗ ಬೇಕೋ ಹಂಗ ತಗಿ, ಟೀಚರಲ್ಲ" ಅಂದಳು ಯಶೋಧಾ. ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿದಾಗ ಚೀಲವನ್ನೇ ಕಸಿದುಕೊಂಡಳು.

ಊಟಕ್ಕೆ ಯಶೋಧಾ ಬುತ್ತಿ ಬಿಚ್ಚಿದಳು. ಹಿಂದಿನ ದಿನ ಒಲೆಯ ಮುಂದೆ ಬೆವರು ಸುರಿಸಿ ಬಡಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅವ್ವ ಮಾತ್ರ ಕೋಮಲ ತರಿಸಿದ ಬಿಸಿ ಸೂಪು ಕುಡಿದಳು. "ರೊಟ್ಟಿ ದಿನಾ ಇರೂದ ಐತಲ್ಲ ಬಿಡು" ಅಂದಳು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕೋಮಲ ಮೂರು ರೊಟ್ಟಿ ಮುರಿದು ತಿಂದಳು, ಕೊನೆಗೆ ಅರಿವೆಯಲ್ಲಿ ಉಳಿದ ಚೂರನ್ನೂ ಬಿಡಲಿಲ್ಲ. ಅದು ಯಶೋಧಾಳ ಕಣ್ಣಿಗೆ ಕಂಡರೂ ಮನಸ್ಸಿಗೆ ಕಾಣಲಿಲ್ಲ.

ಮಲಗುವ ಹೊತ್ತಾಯಿತು. ಅವ್ವ ದೊಡ್ಡ ಮಂಚದ ಮೇಲೆ ಕೂತು ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು. ಯಶೋಧಾ ಎದ್ದಳು.

"ಕೋಮಲಾ, ನನ್ನ ಮಗ್ಗಲಾಗ ಬಾ" ಅಂದಳು ಅವ್ವ. "ಯಶೋಧಾಗ ಆ ಸಣ್ಣ ಮಂಚ ಸಾಕು."

ಯಶೋಧಾ ಎದ್ದವಳು, ನೀರು ಕುಡಿಯಲೆಂದೇ ಎದ್ದವಳ ಹಾಗೆ, ನೀರು ಕುಡಿದು ಬಂದು ಸಣ್ಣ ಮಂಚದ ಮೇಲೆ ಕೂತಳು. ಎಲ್ಲ ತಗೊಂಡಳು, ಇದನ್ನೂ ತಗೊಂಡಳು. ತಂಗಿ ಅವ್ವನ ಪಕ್ಕ ಒರಗಿ ವಾಚು ಬಿಚ್ಚುವುದನ್ನು ರೆಪ್ಪೆ ಬಡಿಯದೆ ನೋಡಿದಳು. ಮನಸ್ಸಿನಲ್ಲೇ, ಅಕ್ಷರ ಅಕ್ಷರ ಬಿಡಿಸಿ ಅಂದುಕೊಂಡಳು: ಈಕಿಗೆ ಏನರ ಆಗಬಾರದ? ನಾಳೆ ಮ್ಯಾಲ ಏಳಲಾರದಂಥಾ ಒಂದು ತಲಿನೋವರ ಬರಬಾರದ?

ಕಾಲು ಗಂಟೆ ಆಗಿರಲಿಲ್ಲ, ಕೋಮಲ ಬಾಯಿಗೆ ಕೈ ಒತ್ತಿ ಬಚ್ಚಲಿಗೆ ಓಡಿದಳು. ತಿಂದದ್ದೆಲ್ಲ ಕಕ್ಕಿ ಹೊರಬಂದಾಗ ಮುಖ ಬಿಳಿಚಿಕೊಂಡಿತ್ತು. "ತಲಿ ಸಿಡಿಯಾಕತ್ತೈತಿ ಅಕ್ಕಾ" ಎಂದು ಮಂಚದ ಮೇಲೆ ಕುಸಿದಳು. "ಬಿಸಲಾಗ ಬಂದು ಒಮ್ಮಿಂದೊಮ್ಮೆಲೆ ಏಸಿಯಾಗ ಕುಂತದ್ದು ಆಗಲಿಲ್ಲ. ಹಿಂಗ ಇದ್ದರ ನಾಳೆ ನನ್ನ ಕೈಲೆ ಆಗೂದಿಲ್ಲ."

ಅವಳಿಂದ ಆಗದಿದ್ದರೆ ವಿಮಾನವಿಲ್ಲ, ಅವ್ವನ ಹಿಮವೂ ಇಲ್ಲ. ಅವ್ವ ಕೋಮಲಾಳ ಹಣೆ ಮುಟ್ಟಿ ನೋಡಿದಳು.

"ಬಿಸಲೂ ಅಲ್ಲ, ಏನೂ ಅಲ್ಲ. ಕಣ್ಣು ಬಿದ್ದೈತಿ. ಯಶೋಧಾ, ಏಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಸುಡು."

"ಹೊಗಿ ಎದ್ದರ ಗಂಟಿ ಹೊಡ್ಕೋತೈತಿ ಯವ್ವಾ, ಹೋಟೆಲ್ಲ ಖಾಲಿ ಮಾಡಸ್ತಾರ" ಎಂದು ಕೋಮಲ ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ಹಂಗಾರ ಬರೇ ಉಪ್ಪು ನೀರಿಗೆ ಹಾಕು."

ಸೂಪಿನ ಜೊತೆ ಬಂದ ಉಪ್ಪಿನ ಕಾಗದದ ಪೊಟ್ಟಣಗಳು ತಟ್ಟೆಯಲ್ಲಿದ್ದವು. ಯಶೋಧಾ ನಾಲ್ಕು ಹರಿದು ಮುಷ್ಟಿಗೆ ಸುರಿದುಕೊಂಡಳು. ಪುಡಿ ಉಪ್ಪು, ನಡೆಯುತ್ತದೋ ಇಲ್ಲವೋ. ತಾನು ಮನಸ್ಸಿನಲ್ಲಿ ಕೇಳಿದ್ದೇ ಬಂದಿತ್ತಲ್ಲ, ಅದೂ ಕೇಳಿದ ಅಳತೆಗೇ ಬಂದಿತ್ತು.

"ಹಾದ್ಯಾಗ ಹೋದವರ ಕಣ್ಣು, ಬಾಗಲಾಗ ನಿಂತವರ ಕಣ್ಣು" ಎಂದು ಮೊದಲ ಸುತ್ತು ನಿವಾಳಿಸಿದಳು. ಕಾಸಿಂಸಾಬನ ಕಣ್ಣು, ಚಹಾದಂಗಡಿಯವನ ಕಣ್ಣು, ಕೌಂಟರಿನ ಹುಡುಗಿಯ ಕಣ್ಣು. ಎರಡನೆಯ ಸುತ್ತಿಗೆ ಲಿಫ್ಟಿನಲ್ಲಿ ಜೊತೆಗಿದ್ದವರ ಕಣ್ಣು, ಮುದ್ದೇಬಿಹಾಳದ ಅಷ್ಟೂ ಮಾಸ್ತರರ ಕಣ್ಣು. ಕೋಮಲ ನರಳುತ್ತಲೇ ಇದ್ದಳು. ಮೂರನೆಯ ಸುತ್ತಿನ ನಡುವೆ ಯಶೋಧಾಳ ಕೈ ನಿಂತಿತು. ಇಲ್ಲಿಗೇ ಉಪ್ಪನ್ನು ನೀರಿಗೆ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಒಬ್ಬರನ್ನು ಬಿಟ್ಟರೂ ಉಪ್ಪು ದಂಡ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ಅವಳೇ.

"ಮುಗೀತೇನು?" ಅಂದಳು ಅವ್ವ.

"ಇಲ್ಲ. ಒಂದು ಉಳದೈತಿ."

ಕೋಮಲ ಕಣ್ಣು ತೆರೆದು ನೋಡಿದಳು. ಯಶೋಧಾ ಆ ಕಣ್ಣನ್ನು ನೋಡದೆ, ನೆಲ ನೋಡುತ್ತ ಹೇಳಿದಳು.

"ಅಕ್ಕನ ಕಣ್ಣು."

ಉಪ್ಪನ್ನು ಗ್ಲಾಸಿನ ನೀರಿಗೆ ಬಿಟ್ಟಳು. "ಹೂಂ, ಬಚ್ಚಲಾಗ ಚೆಲ್ಲಿ ಬಾ" ಎಂದು ಅವ್ವ ಹೊದಿಕೆ ಎಳೆದುಕೊಂಡಳು.

ಯಶೋಧಾ ನೀರು ಚೆಲ್ಲಿ, ಕೈಕಾಲು ತೊಳೆದುಕೊಂಡು, ತೊಳೆದದ್ದನ್ನೇ ಮತ್ತೊಮ್ಮೆ ತೊಳೆದುಕೊಂಡು ಬಹಳ ಹೊತ್ತು ಒಳಗೇ ನಿಂತಳು. ಹೊರಗೆ ಬಂದಾಗ ಅವ್ವ ಸ್ವೆಟರಿನ ಸಮೇತ ದೊಡ್ಡ ಮಂಚದ ಮೇಲೆ ಅಡ್ಡಡ್ಡ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಇಬ್ಬರಿಗೂ ಮಗ್ಗಲಿರಲಿಲ್ಲ. ಕೋಮಲ ಸಣ್ಣ ಮಂಚದ ಪಕ್ಕ ನಿಂತು ಉಪ್ಪಿನ ಪೊಟ್ಟಣ ಹರಿಯುತ್ತಿದ್ದಳು.

"ನಿನ್ನ ತಲಿ?" ಎಂದು ಯಶೋಧಾ ಕೇಳಿದಳು.

"ಇನ್ನೂ ಸ್ವಲ್ಪ ಐತಿ. ನೀ ಕೂಡು ಇಲ್ಲೆ."

"ನಿನಗ ಇದೆಲ್ಲ ಎಲ್ಲಿ ಬರ್ತೈತಿ?"

"ಪೂರ್ತಿ ಬರೂದಿಲ್ಲ. ಕಲೀಬೇಕಂದ್ರ ಅವ್ವನ ಹಂತ್ಯಾಕ ಇರಬೇಕಿತ್ತು. ಹತ್ತು ವರ್ಷದಾಕಿನ್ನ ಹಾಸ್ಟೆಲ್ಲಿಗೆ ಹಾಕಿದ್ರಿ. ಅವ್ವನ ಬೈತಲಿ ಎಲ್ಲಿ ತೆಗೀಬೇಕು ಅನ್ನೂದೂ ನಿನ್ನ ಕೇಳಬೇಕು ನಾನು" ಅಂದಳು ಕೋಮಲ. "ಇದ್ರಾಗಿಂದು ಕಡೀದೊಂದು ಬರ್ತೈತಿ."

ಮುಷ್ಟಿ ಎತ್ತಿ, ಮಂಚದ ಮೇಲೆ ಕೂತ ಅಕ್ಕನ ಮುಖಕ್ಕೆ ನಿವಾಳಿಸಿದಳು.

"ತಂಗಿ ಕಣ್ಣು."

ಯಶೋಧಾ ತಲೆ ಎತ್ತಿ ತಂಗಿಯ ಮುಖ ನೋಡಿದಳು. ಕೋಮಲ ಎರಡನೆಯ ಸಲ ಕೈ ಸುತ್ತಿದಳು, ಮತ್ತೆ ಅದನ್ನೇ ಅಂದಳು. ಬೆರಳ ಸಂದಿಯಿಂದ ಪುಡಿ ಉಪ್ಪು ಅಕ್ಕನ ತೊಡೆಯ ಮೇಲೆ ಉದುರುತ್ತಿತ್ತು.

"ಮುಷ್ಟಿ ಬಿಗಿ ಹಿಡಿ, ಸೋರಾಕತ್ತೈತಿ" ಅಂದಳು ಯಶೋಧಾ. ತಂಗಿಯ ಮುಷ್ಟಿಯನ್ನು ತನ್ನ ಕೈಯಿಂದ ಒತ್ತಿ ಮುಚ್ಚಿದಳು. "ಇನ್ನೊಮ್ಮಿ ಅನ್ನು. ಮೂರಾಗಬೇಕು."