ತಟ್ಟೆಯಲ್ಲಿ ಹೊಯ್ದ ಸೋಪು

ಅಂಗಡಿಯ ಸೋಪಿನ ಸಾಲಿನ ಮುಂದೆ ನಿಂತರೆ ನನಗೆ ವಯಸ್ಸೂ ನೆನಪಿರುವುದಿಲ್ಲ, ಮ್ಯಾನರ್ಸೂ ನೆನಪಿರುವುದಿಲ್ಲ. ಒಂದೊಂದನ್ನೇ ಎತ್ತಿ ಮೂಸುತ್ತೇನೆ. ತಿರುವನಂತಪುರದ ನಮ್ಮ ಅಂಗಡಿಯವನಿಗೆ ಇದು ಅಭ್ಯಾಸವಾಗಿದೆ. ನಾಚಿಕೆಯಾಗುವುದು ಮೊಮ್ಮಗಳಿಗೆ. "ಮದಿ, ಅಮ್ಮಮ್ಮಾ," ಎಂದು ಮಲಯಾಳದಲ್ಲಿ ಗದರಿ ಸೆರಗು ಎಳೆಯುತ್ತಾಳೆ. ಸಾಕಂತೆ! ನಾನು ಹುಡುಕುವ ಪರಿಮಳ ಯಾವ ಪೊಟ್ಟಣದಲ್ಲೂ ಇಲ್ಲವೆಂದು ಅವಳಿಗೆ ಹೇಗೆ ಹೇಳಲಿ? ಅದು ಐವತ್ತರ ದಶಕದ ಕೊನೆಗೆ, ಕೊಚ್ಚಿಯ ಒಂದು ಬಾಡಿಗೆ ಮನೆಯಲ್ಲಿ, ನನ್ನ ಕೈಯಿಂದಲೇ ಹುಟ್ಟಿದ್ದು.

ನಮ್ಮೆಜಮಾನರಿಗೆ ಅಲ್ಲಿ ಸೆಂಟ್ರಲ್ ಗವರ್ನಮೆಂಟ್ ಆಫೀಸು. ಕಾಸರಗೋಡಿನಿಂದ ಅತ್ತೆ ಬಂದು ನಮ್ಮ ಜೊತೆಗಿದ್ದರು. ಕಾನ್ವೆಂಟಿನಲ್ಲಿ ಓದಿದ ಸೊಸೆಯ ಇಂಗ್ಲಿಷನ್ನು ಅವರು ಕ್ಷಮಿಸಿದ್ದರು, ಸೋಪನ್ನಲ್ಲ. "ಅದಕ್ಕೆ ಯಾವ ಪ್ರಾಣಿಯ ಕೊಬ್ಬು ಹಾಕುತ್ತಾರೋ ಏನೋ. ಅದನ್ನು ಹಚ್ಚಿದ ಕೈಯಲ್ಲಿ ದೇವರ ಹೂ ಮುಟ್ಟಬೇಡ ಮಾರಾಯ್ತಿ." ಅವರ ಸ್ನಾನಕ್ಕೆ ಹೆಸರುಹಿಟ್ಟು. ಬೆಳಗ್ಗೆ ಅವರು ಹೂಬುಟ್ಟಿ ಹಿಡಿದು ಅಂಗಳಕ್ಕಿಳಿದರೆ ನಾನು ಹೊಸಿಲಲ್ಲಿ ನಿಂತು ನೋಡಬೇಕು. ಸೋಪು ಬಿಟ್ಟರಾಯಿತಪ್ಪ ಅನ್ನುವಿರಿ. ಇಪ್ಪತ್ತರ ವಯಸ್ಸು, ಸೋಪೂ ಬೇಕು, ಆ ಬುಟ್ಟಿಯೂ ಬೇಕು.

ಆಗ ನೆನಪಾದದ್ದು ಡೊಮೆಸ್ಟಿಕ್ ಸೈನ್ಸಿನ ಸಿಸ್ಟರ್. ತೆಂಗಿನೆಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಹೊಯ್ದು, ಒಂದೇ ದಿಕ್ಕಿಗೆ ಕದಡುತ್ತಾ, "ಪೇಶನ್ಸ್, ಗರ್ಲ್ಸ್," ಎನ್ನುತ್ತಿದ್ದರು. ಒಂದು ಕೈಯನ್ನು ಸುಡುವಂಥದ್ದು, ಇನ್ನೊಂದು ಜಿಡ್ಡು. ಎರಡೂ ತಮ್ಮ ಗುಣ ಬಿಟ್ಟು ಮೂರನೆಯದಾಗಲು ಒಂದು ತಿಂಗಳು ಬೇಕು. ಅತ್ತೆಸೊಸೆಯರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗುತ್ತದೆ ಎಂದು ಆ ಕನ್ಯಾಸ್ತ್ರೀ ಹೇಳಲಿಲ್ಲ, ಪಾಪ.

ಮೊದಲ ಸಲ ಮಲ್ಲಿಗೆ ಹಾಕಿದೆ. ಸೋಡಾ ಅದನ್ನು ಕಂದು ಕಸ ಮಾಡಿ ಪರಿಮಳವನ್ನೂ ನುಂಗಿತು. ಎರಡನೆಯ ಸಲ ದೋಣಿ ಹತ್ತಿ ಮಟ್ಟಾಂಚೇರಿಯ ಸಾಂಬಾರ ಪದಾರ್ಥದ ಪೇಟೆಗೆ ಹೋದೆ. ದಡ ಮುಟ್ಟುವ ಮೊದಲೇ ಮೆಣಸು, ಶುಂಠಿ, ಏಲಕ್ಕಿಯ ಗಾಳಿ ನೀರಿನ ಮೇಲೆ ನಡೆದುಬಂದು ಎದುರುಗೊಳ್ಳುತ್ತಿತ್ತು. ಕಣ್ಣು ಮುಚ್ಚಿ ಕೂತಿದ್ದೆ. ಇಳಿಯುವುದನ್ನು ಮರೆತು ಅದೇ ದೋಣಿಯಲ್ಲಿ ವಾಪಸು ಬಂದು, ಮತ್ತೆ ಹೋದೆ. ಈಗಲೂ ಕೆಲವು ಮಧ್ಯಾಹ್ನ ಆ ದೋಣಿಯಿಂದ ನಾನು ಇಳಿದೇ ಇಲ್ಲ ಅನ್ನಿಸುತ್ತದೆ.

ತಂದ ಏಲಕ್ಕಿಯನ್ನು ಜಜ್ಜಿ ಬೆಚ್ಚಗಿನ ಎಣ್ಣೆಯಲ್ಲಿ ನೆನೆಹಾಕಿದೆ. ಅತ್ತೆ ದೇವಸ್ಥಾನಕ್ಕೆ ಹೋದ ಹೊತ್ತಿಗೆ ಕದಡಿ, ಪಿಂಗಾಣಿ ತಟ್ಟೆಗೆ ಹೊಯ್ದೆ. ಚೌಕವಾಗಿ ಕೊಯ್ಯಬೇಕೆಂದು ಸಿಸ್ಟರ್ ಕಲಿಸಿದ್ದರು. ನನ್ನ ಚಾಕು ಮಾತ್ರ ತಾನಾಗಿ ಕಾಯಿ ಬರ್ಫಿಯ ದಾರಿ ಹಿಡಿದು ಓರೆಗೆ ಹೋಯಿತು. ತಿಂಗಳು ಅಟ್ಟದ ಮೇಲಿಟ್ಟು, ಒಂದು ಶುಕ್ರವಾರ, ಇವತ್ತು ಅತ್ತೆಗೆ ಕೊಡೋಣವೆಂದು ಇಳಿಸಿ, ಚಂದಕ್ಕೆ ತಟ್ಟೆಯಲ್ಲಿ ಬಾಳೆಎಲೆ ಹಾಸಿ ಜೋಡಿಸಿಟ್ಟು ಬಟ್ಟೆ ಒಣಹಾಕಲು ಹೋದೆ.

ಬರುವಾಗ ಘಂಟೆ ಕೇಳಿಸಿತು. ದೇವರ ಮುಂದೆ ನನ್ನ ಸೋಪು, ಮೇಲೆ ತುಳಸಿ ದಳ. ನೈವೇದ್ಯಕ್ಕಿಡುವುದನ್ನು ರುಚಿ ನೋಡುವುದಿರಲಿ, ಮೂಸಲೂ ಬಾರದು. ಅತ್ತೆ ಮೂಸಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಆಫೀಸಿಗೆ ಹೊರಟಿದ್ದ ಮಗನ ಕೈಗೆ ಪ್ರಸಾದ ಕೊಟ್ಟಾಗಿತ್ತು. ನಮ್ಮೆಜಮಾನರು ಕಣ್ಣಿಗೊತ್ತಿಕೊಂಡು ಕಚ್ಚಿಯೇಬಿಟ್ಟರು. ಎರಡು ಸಲ ಅಗಿದರು. ಆಮೇಲೆ ಬಹಳ ಸಮಾಧಾನದಿಂದ, ತುಟಿಯಂಚಿನಲ್ಲಿ ನೊರೆಯೊಂದಿಗೆ, "ಅಮ್ಮ, ಇದು ಸೋಪು," ಎಂದರು.

ಅತ್ತೆ ನನ್ನ ಕಡೆ ತಿರುಗಿದರು. "ಕೊಬ್ಬು ಉಂಟೋ?"

"ಇಲ್ಲ ಅತ್ತೆ, ಬರೀ ತೆಂಗಿನೆಣ್ಣೆ. ನಿಮಗೇ ಅಂತ ಮಾಡಿದ್ದು."

ಅವರು ತಟ್ಟೆ ನೋಡಿದರು, ದೇವರನ್ನು ನೋಡಿದರು. "ಪ್ರಸಾದ ಬಿಸಾಡಲಿಕ್ಕಾಗದು. ತಿನ್ನಲಿಕ್ಕೂ ಆಗದು," ಎಂದು ಬೈರಾಸು ಹೆಗಲಿಗೆ ಹಾಕಿ, ಒಂದು ಬಿಲ್ಲೆ ಹಿಡಿದು, ಆ ದಿನದ ಎರಡನೆಯ ಸ್ನಾನಕ್ಕೆ ನಡೆದರು.

ಹೊರಬಂದಾಗ ಅವರ ಹಿಂದೆ ಏಲಕ್ಕಿ ನಡೆದುಬಂತು. "ಕಣ್ಣು ಉರಿಯುತ್ತದೆ," ಎಂದಷ್ಟೇ ಹೇಳಿದರು. ಮರುದಿನ ಬೆಳಗ್ಗೆ ಹೂಬುಟ್ಟಿಯನ್ನು ನನ್ನ ಮುಂದೆ ಹಿಡಿದರು. "ಸೋಪು ಹಚ್ಚಿದ ಕೈ ಈಗ ನನ್ನದೂ ಆಯಿತಲ್ಲ. ತಕೊ, ಎತ್ತರದ್ದು ನನಗೆ ಎಟಕುವುದಿಲ್ಲ."

ದೇವರು ಆ ನೈವೇದ್ಯದ ಬಗ್ಗೆ ಇದುವರೆಗೆ ಒಂದು ಮಾತೂ ಆಡಿಲ್ಲ. ದೊಡ್ಡವರು. ಮನೆಯ ನೆಮ್ಮದಿಗೋಸ್ಕರ ಬಾಯಲ್ಲಿ ನೊರೆ ಇಟ್ಟುಕೊಂಡೂ ಸುಮ್ಮನಿರಬಲ್ಲರು.